ದೀಪ ಆರದೆ ನಿಂತ ಸದ್ದು

ಮಗ ಸತ್ತ ದಿನ ಅವಳು ಅಳಲಿಲ್ಲ, ಬೈದಳು. ಆಸ್ಪತ್ರೆಯ ಹಿಂಬಾಗಿಲ ಬಳಿಯ ಕಬ್ಬಿಣದ ಬೆಂಚಿನ ಮೇಲೆ ಕೂತು, ಬಂದವರಿಗೆಲ್ಲ ಕೇಳುವಂತೆ ಬೈದಳು. “ಅಪ್ಪ ಹೋದ ಹಾಗೇ ಹೋದ. ಕುಡಿದು ಹೋದ. ಹೋಗ್ಲಿ ಬಿಡಿ.”

ಕುಡಿದಿದ್ದ ಎಂದದ್ದು ಕಂಪನಿ. ಸಂಗೀತ ಕಾರ್ಯಕ್ರಮಗಳಿಗೆ ಸ್ಪೀಕರು, ದೀಪಗಳನ್ನು ಎತ್ತರದ ಕಬ್ಬಿಣದ ತೊಲೆಗಳಿಗೆ ಕಟ್ಟಿಕೊಡುವ ಕಂಪನಿ ಅದು. ಆ ತೊಲೆ ಹತ್ತುವುದು ಅವನ ಕೆಲಸ. ಕುಡಿದು ಹತ್ತಿದ, ಬಿದ್ದ, ನಮ್ಮ ತಪ್ಪೇನೂ ಇಲ್ಲ ಎಂದು ಹೇಳಿ ಕೈತೊಳೆದುಕೊಂಡರು. ಮೇಸ್ತ್ರಿ ಸಾಕ್ಷಿ ಹೇಳಿದ. ಗಂಡನನ್ನು ಹೆಂಡಕ್ಕೆ ಕಳೆದುಕೊಂಡ ಹೆಂಗಸಿಗೆ ಅದನ್ನು ನಂಬುವುದು ಕಷ್ಟವಾಗಲಿಲ್ಲ. ಬಡವರ ಮನೆಯ ಸಾವಿಗೆ ಕಾರಣ ಬೇಕಾದಾಗ ದೊಡ್ಡವರು ಬಹಳ ದೂರ ಹುಡುಕುವುದಿಲ್ಲ. ಆ ಮನೆಯಲ್ಲಿ ಮೊದಲೇ ಇರುವ ಹುಣ್ಣನ್ನು ಬೆರಳಿಟ್ಟು ತೋರಿಸುತ್ತಾರೆ, ಮನೆಯವರೇ ತಲೆ ತಗ್ಗಿಸುತ್ತಾರೆ.

ಅಂದಿನಿಂದ ಮನೆಯಲ್ಲಿ ಅವನ ಮಾತಿಲ್ಲ. ಅವನ ಶರ್ಟುಗಳನ್ನು ಗಂಟು ಕಟ್ಟಿ ಮಂಚದ ಕೆಳಗೆ ತಳ್ಳಿದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಮಗಳು ಎರಡು ಸಲ ಆ ಗಂಟನ್ನು ಹೊರಗೆಳೆದಳು, ಎರಡು ಸಲವೂ ತಾಯಿ ಕಾಲಿನಿಂದಲೇ ಒಳಗೆ ದೂಡಿದಳು.

“ಅಮ್ಮಾ, ಗುಂಗುರು ಪಾಸು ಕೊಟ್ಟಿದ್ದಾನೆ,” ಎಂದಳು ಮಗಳು ಒಂದು ದಿನ. ಗುಂಗುರು ಎಂದರೆ ಸತ್ತವನ ಗೆಳೆಯ, ಗುಂಗುರು ಕೂದಲಿನವನು. ಯಂತ್ರಗಳಿಂದ ಸಂಗೀತ ಹುಟ್ಟಿಸುವವನು. “ಭಾನುವಾರ ಮಧ್ಯಾಹ್ನ. ಅಣ್ಣನ ಹೆಸರಲ್ಲಿ ಒಂದು ಬಾರಿಸ್ತಾನಂತೆ. ಬಾ.”

“ನನಗ್ಯಾಕೆ? ನನ್ನ ಕಿವಿನೇ ಸರಿಯಿಲ್ಲ.”

“ಅಣ್ಣ ಏನು ಕೆಲಸ ಮಾಡ್ತಿದ್ದ ಅಂತ ಒಂದು ಸಲ ಆದ್ರೂ ನೋಡಿದ್ದೀಯಾ ನೀನು?”

“ಕುಡಿಯೋ ಕೆಲಸ.”

ಮಗಳು ತಾಯಿಯ ಚಪ್ಪಲಿ ತಂದು ಬಾಗಿಲ ಮುಂದೆ ಇಟ್ಟಳು, ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಇರುವಾಗಲೇ. ಆ ಚಪ್ಪಲಿಯನ್ನು ದಾಟಿ ದಾಟಿ ಓಡಾಡಿ ಸಾಕಾಗಿ, ಕೊನೆಗೆ ತಾಯಿ ಅದನ್ನೇ ಮೆಟ್ಟಿಕೊಂಡು ಹೊರಟಳು.

ಅದೊಂದು ಹಳೆಯ ಸರಕಿನ ಗೋದಾಮು, ತಗಡಿನ ಮಾಡು. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಬಿಗಿದಿದ್ದರು. ಹೊರಗೆ ಸುಡು ಬಿಸಿಲು, ಒಳಗೆ ಹೊಗೆ ತುಂಬಿದ ಕತ್ತಲೆ. ಬಾಗಿಲಲ್ಲಿ ಕೂತ ಹುಡುಗಿ ತಾಯಿಯ ಅಂಗೈ ಮೇಲೆ ಎರಡು ಮೆತ್ತನೆಯ ಹಳದಿ ಉಂಡೆ ಇಟ್ಟಳು.

“ಏನಮ್ಮ ಇದು, ಗುಳಿಗೆನಾ?”

“ಕಿವಿಗೆ ಹಾಕ್ಕೊಳ್ಳೋದು ಆಂಟಿ. ಸೌಂಡು ಜಾಸ್ತಿ ಇರತ್ತೆ. ಕಿವಿ ಹಾಳಾಗಬಾರ್ದಲ್ವಾ?”

ಅವಳು ಆ ಉಂಡೆಗಳನ್ನು ಬೆರಳಲ್ಲಿ ಒತ್ತಿ ನೋಡಿದಳು. ಮದುವೆಗೆ ಮುಂಚಿನಿಂದ, ಗಿರಣಿಗೆ ಬೀಗ ಬೀಳುವವರೆಗೆ, ಅವಳು ಮಗ್ಗದ ಷೆಡ್ಡಿನಲ್ಲಿ ದುಡಿದಿದ್ದಳು. ಒಂದು ಕಿವಿ ಪೂರ್ತಿ, ಇನ್ನೊಂದು ಅರ್ಧ ಅಲ್ಲೇ ಬಿಟ್ಟು ಬಂದಿದ್ದಳು. ಕಿವಿಗೆ ಹತ್ತಿ ಕೊಡಿ ಎಂದು ಹೆಂಗಸರೆಲ್ಲ ಒಟ್ಟಾಗಿ ಮ್ಯಾನೇಜರನ ಕೋಣೆಗೆ ನುಗ್ಗಿದ್ದು ಅವಳ ಮುಂದಾಳುತನದಲ್ಲೇ. ಸುತ್ತ ಹತ್ತಿಯ ಬೆಟ್ಟವೇ ಇತ್ತು, ಚಿಟಿಕೆಯಷ್ಟು ಹತ್ತಿ ಸಿಗಲಿಲ್ಲ. ಕಿವಿ ಮುಚ್ಚಿಕೊಂಡರೆ ಮಗ್ಗ ಕೆಟ್ಟದ್ದು ಹೇಗೆ ಗೊತ್ತಾಗುತ್ತದೆ ಎಂದು ಮ್ಯಾನೇಜರು ಕೇಳಿದ್ದ. ಮಗ್ಗದ ಆರೋಗ್ಯದ ಮೇಲೆ ಎಷ್ಟು ಮಮತೆ ಅವನಿಗೆ! ಇಲ್ಲಿ ಸಂತೋಷಕ್ಕೆಂದು ಬಂದವರ ಕಿವಿಗೆ ಬಾಗಿಲಲ್ಲೇ ಕಾವಲು. ಹೊಟ್ಟೆಪಾಡಿಗೆ ಹೋದವರ ಕಿವಿಯನ್ನು ಕೇಳಿದವರೇ ಇಲ್ಲ.

“ತಡವಾಯ್ತು ಕಣಮ್ಮ,” ಎಂದು ಹೇಳಿ ಅವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಗುಂಗುರು ವೇದಿಕೆಯ ಪಕ್ಕದಲ್ಲಿ, ಕಬ್ಬಿಣದ ತಡೆಗೆ ಅಂಟಿದಂತೆ, ಎರಡು ಕುರ್ಚಿ ಹಾಕಿಸಿದ್ದ. ಬೇರೆ ಯಾರಿಗೂ ಕುರ್ಚಿ ಇರಲಿಲ್ಲ. ವೇದಿಕೆಯ ಮೇಲೆ ಒಂದು ಮೇಜು, ಮೇಜಿನ ಮೇಲೆ ತಿರುಪುಗಳ ಪೆಟ್ಟಿಗೆಗಳು, ಕರುಳಿನಂತೆ ಸುತ್ತಿಕೊಂಡ ವೈರುಗಳು.

“ಹಾಡೋರೆಲ್ಲಿ?”

“ಹಾಡೋರಿಲ್ಲಮ್ಮ.”

“ಬಾರಿಸೋರು?”

“ಅವನೇ.”

“ಅವನೇನು ಬಾರಿಸ್ತಿದ್ದಾನೆ? ಫ್ಯೂಸು ಹೋದ ರೇಡಿಯೋ ರಿಪೇರಿ ಮಾಡೋ ಹಾಗೆ ಬಗ್ಗಿಕೊಂಡಿದ್ದಾನಲ್ಲ!”

ಮಗಳು ನಕ್ಕಳು. ಅವರ ಮನೆಯಲ್ಲಿ ನಗು ಕೇಳಿ ಎಷ್ಟೋ ಕಾಲವಾಗಿತ್ತು. ಅಷ್ಟರಲ್ಲಿ ಗುಂಗುರು ಮೈಕು ಹಿಡಿದ. “ನಾನಿಲ್ಲಿ ತಿರುಪು ತಿರುವಬೇಕಾದ್ರೆ ಯಾರೋ ಒಬ್ಬ ಮೇಲೆ ಹತ್ತಿ ಈ ಸ್ಪೀಕರು ಕಟ್ಟಿರಬೇಕು. ಕಟ್ಟೋನು ಒಬ್ಬ ಇದ್ದ. ಅಳಿಲು ಅಂತಿದ್ವಿ. ಇವತ್ತಿಂದು ಅವನಿಗೆ.” ಅಷ್ಟೇ ಹೇಳಿ ಕಿವಿಯ ಮೇಲೆ ದಪ್ಪ ಹೆಡ್‌ಫೋನು ಎಳೆದುಕೊಂಡ.

ಸದ್ದು ಮೊದಲು ಬಂದದ್ದು ಕಿವಿಗಲ್ಲ, ಪಾದಕ್ಕೆ. ನೆಲ ಗುಮ್ಮೆಂದಿತು. ಕುರ್ಚಿಯ ಕಾಲು ನಡುಗಿತು, ಆಮೇಲೆ ಮೊಣಕಾಲು, ಆಮೇಲೆ ಎದೆಯ ಗೂಡು. ಅವಳು ಕಣ್ಣು ಮುಚ್ಚಿದಳು. ಇದು ತನಗೆ ಗೊತ್ತು. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯುವುದು, ಹಲಗೆ ನೂಲನ್ನು ಗುದ್ದುವುದು, ಪಕ್ಕದ ಮಗ್ಗ ಅರೆ ಕ್ಷಣ ಹಿಂದೆ ಬಿದ್ದು ಮತ್ತೆ ಬಂದು ಸೇರಿಕೊಳ್ಳುವುದು. ಮೊದಮೊದಲು ಬರೀ ಗುದ್ದು ಎನಿಸಿದ್ದರೊಳಗೆ ನಿಧಾನವಾಗಿ ಎಳೆಗಳು ಕಾಣತೊಡಗಿದವು: ಒಂದು ದಪ್ಪ, ಅದರ ಮೇಲೆ ಒಂದು ಸಣ್ಣದು, ನಡುವೆ ಬಿಟ್ಟು ಬಿಟ್ಟು ಮಿಣುಗುವ ಇನ್ನೊಂದು. ಹಾಡಿಲ್ಲ, ಮಾತಿಲ್ಲ, ಯಾರ ವಿರಹವೂ ಇಲ್ಲ. ಅವಳ ಹೆಬ್ಬೆರಳು ತನಗೆ ತಾನೇ ನೆಲ ತಟ್ಟುತ್ತಿತ್ತು. ಅದು ಕಂಡು ಅವಳಿಗೇ ನಾಚಿಕೆಯಾಗಿ, ಒಂದು ಪಾದದ ಮೇಲೆ ಇನ್ನೊಂದನ್ನು ಇಟ್ಟು ಅದುಮಿದಳು.

ಸದ್ದು ಏರಿತು. ಇನ್ನೂ ಏರಿತು. ಜನ ಕೈ ಎತ್ತಿದರು. ಇದ್ದಕ್ಕಿದ್ದಂತೆ ಎಲ್ಲ ನಿಂತುಹೋಯಿತು. ದೀಪಗಳು ಮಾತ್ರ ಉರಿಯುತ್ತಲೇ ಇದ್ದವು, ಬೆಳ್ಳಗೆ.

ಅವಳು ಕುರ್ಚಿಯಿಂದ ನೆಗೆದು ನಿಂತಳು.

“ಯಾರು? ಯಾರಿಗಾಯ್ತು?”

ಮಗ್ಗದ ಷೆಡ್ಡಿನ ಸದ್ದನ್ನು ಸೀಳಲು ಬೆಳೆಸಿಕೊಂಡ ಗಂಟಲು ಅದು. ಗಿರಣಿಯಲ್ಲಿ ಅವಳನ್ನು ಗಂಟೆ ಎಂದೇ ಕರೆಯುತ್ತಿದ್ದರು. ಗೋದಾಮಿನ ಆಚೆ ಗೋಡೆಗೆ ಬಡಿದು ವಾಪಸು ಬಂತು ಆ ಕೂಗು. ಷೆಡ್ಡಿನಲ್ಲಿ ಸದ್ದು ನಿಲ್ಲುವುದಕ್ಕೆ ಇದ್ದದ್ದು ಎರಡೇ ಕಾರಣ. ಕರೆಂಟು ಹೋದರೆ ದೀಪವೂ ಆರುತ್ತಿತ್ತು, ಹೆಂಗಸರು ಉಸ್ಸೆಂದು ಕೂತು ಕಾಲು ಚಾಚುತ್ತಿದ್ದರು. ದೀಪ ಆರದೆ ಸದ್ದು ನಿಂತರೆ ಯಾರದೋ ಕೈ, ಯಾರದೋ ಜಡೆ, ಯಾರದೋ ಸೆರಗು ಯಂತ್ರದ ಬಾಯಿಗೆ ಹೋಗಿದೆ, ಯಾರೋ ಓಡಿ ದೊಡ್ಡ ಸ್ವಿಚ್ಚು ಎಳೆದಿದ್ದಾರೆ ಎಂದು ಅರ್ಥ. ಆಗ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದದ್ದು ಇದನ್ನೇ.

ಸುತ್ತ ನಗೆ ಎದ್ದಿತು. ಸಿಳ್ಳೆ ಬಿದ್ದವು. “ಆಂಟಿ ಸೂಪರ್!” ಎಂದು ಯಾರೋ ಕಿರುಚಿದರು. ಅಷ್ಟರಲ್ಲಿ ಮಾಡೇ ಕುಸಿದಂತೆ ಸದ್ದು ಮತ್ತೆ ಬಿತ್ತು, ಜನ ಒಟ್ಟಿಗೆ ಕುಣಿದರು. ಮಗಳು ತಾಯಿಯ ಕೈ ಹಿಡಿದು ಕೂರಿಸಿ, ಷೆಡ್ಡಿನ ಭಾಷೆಯಲ್ಲಿ, ದನಿಯಿಲ್ಲದೆ ತುಟಿ ಅಗಲಿಸಿ ಹೇಳಿದಳು: ಏನೂ ಆಗಿಲ್ಲ. ಅದು ಹಾಗೇ. ಬೇಕಂತಲೇ ನಿಲ್ಲಿಸ್ತಾರೆ.

ಬೇಕಂತಲೇ!

ಗಿರಣಿಯ ಹೆಂಗಸರೆಲ್ಲ ಹೀಗೇ ಮಾತಾಡಿದವರು. ಆ ಸದ್ದಿನಲ್ಲಿ ದನಿ ಸುಮ್ಮನೆ ದಂಡ. ತುಟಿ ಸಾಕು, ಕೈ ಸಾಕು. ಮೀಸೆ ತಿರುವಿದರೆ ಸೂಪರ್‌ವೈಸರು ಬರುತ್ತಿದ್ದಾನೆ. ಹಣೆ ಚಚ್ಚಿಕೊಂಡರೆ ಅತ್ತೆಯ ಸುದ್ದಿ. ಷೆಡ್ಡಿನ ಈ ಕೊನೆಯಿಂದ ಆ ಕೊನೆಗೆ ಸಂಸಾರದ ರಾಮಾಯಣವೆಲ್ಲ ತುಟಿಯ ಮೇಲೇ ಹರಿಯುತ್ತಿತ್ತು. ಅಳಬೇಕೆನಿಸಿದವರು ಅಲ್ಲೇ ನಿಂತು ಗಂಟಲು ಹರಿಯುವಂತೆ ಅಳುತ್ತಿದ್ದರು, ಕೈ ಮಾತ್ರ ಕಡಿದ ನೂಲನ್ನು ಗಂಟು ಹಾಕುತ್ತಲೇ ಇರುತ್ತಿತ್ತು. ಮನೆಯಲ್ಲೂ ಅದೇ ರೂಢಿ. ಮಕ್ಕಳು ಸುಳ್ಳು ಹೇಳಬೇಕೆಂದರೆ ಅವಳಿಗೆ ಬೆನ್ನು ಹಾಕಿ ಹೇಳಬೇಕಿತ್ತು. ಮಗನಂತೂ ನೀರಿನ ಟ್ಯಾಂಕಿನ ತುದಿಗೆ ಹತ್ತಿ ಅಲ್ಲಿಂದ ದನಿಯಿಲ್ಲದೆ ಬಾಯಿ ಅಗಲಿಸುತ್ತಿದ್ದ: ಅಮ್ಮಾ, ನೋಡು. ಅವಳು ಕೆಳಗಿನಿಂದ ಹಾಗೇ ಬಾಯಿ ಅಗಲಿಸುತ್ತಿದ್ದಳು: ಇಳಿ. ಇಳಿದು ಬಾರೋ.

ನೆನಪನ್ನು ತಳ್ಳಲು ಅವಳು ಬೇರೆ ಕಡೆ ನೋಡಿದಳು. ಆಗ ಕಂಡವನು ಮೇಸ್ತ್ರಿ.

ತಡೆಯ ಆಚೆ, ವೇದಿಕೆಯ ಅಂಚಿನಲ್ಲಿ ನಿಂತಿದ್ದ. ಕೆಳತುಟಿಯ ಮೇಲೆ ಹಳೆಯ ಹೊಲಿಗೆಯ ಗುರುತು. ಆಸ್ಪತ್ರೆಯಲ್ಲಿ ಅವಳೆದುರು ತಲೆ ಬಗ್ಗಿಸಿ ನಿಂತಿದ್ದವನು ಇವನೇ. ಅವನೆದುರು, ಅವಳಿಗೆ ಬೆನ್ನು ಹಾಕಿ, ಬೋಳುತಲೆಯ ಕೆಲಸಗಾರನೊಬ್ಬ ನಿಂತು, ಹತ್ತುವಾಗ ಬೀಳದಂತೆ ತೊಲೆಗೆ ಸಿಕ್ಕಿಸಿಕೊಳ್ಳುವ ಸೊಂಟದ ಪಟ್ಟಿಯ ಕೊಕ್ಕೆಯನ್ನು ಎತ್ತಿ ತೋರಿಸುತ್ತಿದ್ದ. ಮೇಲೆ ಒಂದು ದೀಪ ಓರೆಯಾಗಿ ಜನರ ಕಣ್ಣಿಗೆ ಹೊಡೆಯುತ್ತಿತ್ತು; ಯಾರಾದರೂ ಹತ್ತಿ ಅದನ್ನು ತಿರುಗಿಸಬೇಕಿತ್ತು. ಇಬ್ಬರೂ ಸದ್ದಿನ ಮೇಲೆ ಕಿರುಚುತ್ತಿದ್ದರು. ಮಾರು ದೂರದಲ್ಲಿ ನಿಂತವರಿಗೂ ಏನೂ ಕೇಳುವಂತಿರಲಿಲ್ಲ. ಹಾಗಾಗಿಯೇ ಮೇಸ್ತ್ರಿಗೆ ಹೆದರಿಕೆ ಇರಲಿಲ್ಲ. ಕಿರುಚುವ ಬಾಯಿ ಎಲ್ಲಕ್ಕಿಂತ ಸಲೀಸಾಗಿ ಓದಿಸಿಕೊಳ್ಳುತ್ತದೆ ಎಂಬುದು ಅವನಿಗೆ ತಿಳಿದಿರಲಿಲ್ಲ.

“ಗೊತ್ತು ಕಣಯ್ಯ, ಕೊಕ್ಕೆ ಬಾಯಿ ಮುಚ್ಚಲ್ಲ, ಗೊತ್ತು,” ಎಂದಿತು ಆ ಬಾಯಿ.

ಬೋಳುತಲೆಯವನು ಏನೋ ಅಂದ. ಅವನ ಬೆನ್ನು ಮಾತ್ರ ಅಲುಗಿತು.

“ಹೊಸದು ಕೇಳಿದೆ. ಕೊಡಲ್ಲ ಅಂದ್ರು. ಹತ್ತು ನಿಮಿಷದ ಕೆಲಸ, ಹತ್ತಿ ಇಳಿ.”

ಮತ್ತೆ ಬೆನ್ನು.

“ಹೂಂ. ಅದೇ ಬೆಲ್ಟು. ಅಳಿಲಂದೇ.”

ಅವಳ ಕೈ ಮಗಳ ಮೊಣಕೈಯನ್ನು ಹಿಡಿದುಕೊಂಡಿತು.

“ಹೇಳ್ದ. ಅವನೂ ಅವತ್ತು ಬೆಳಗ್ಗೆ ನಿನ್ನ ಹಾಗೇ ತಂದು ತೋರಿಸ್ದ. ನಾನೇ ಹತ್ತು ಅಂದೆ. ಟೈಮಿರ್ಲಿಲ್ಲ.” ಬೋಳುತಲೆ ಅಡ್ಡಡ್ಡ ಆಡಿತು. ಮೇಸ್ತ್ರಿಯ ಮುಖ ಸಿಟ್ಟಿನಿಂದಲೋ ಸಂಕಟದಿಂದಲೋ ಕಿವುಚಿಕೊಂಡಿತು. “ಎಲ್ಲಿ ಕುಡಿದಿದ್ದ? ಟೀ ಕುಡಿದಿದ್ದ, ನನ್ನ ಜೊತೆ! ಕುಡಿದಿದ್ದ ಅಂತ ಹೇಳು ಅಂದ್ರು, ಹೇಳ್ದೆ. ನನಗೇನು ಬೇರೆ ದಾರಿ ಇತ್ತಾ? ಈಗ ಬಾಯಿ ಮುಚ್ಕೊಂಡು ಹತ್ತು.”

ಸದ್ದು ಅವಳ ಎದೆಗೂಡನ್ನು ಬಡಿಯುತ್ತಲೇ ಇತ್ತು. ಅವಳಿಗೆ ಅದು ಯಾವುದೋ ದೂರದ ಕೋಣೆಯಲ್ಲಿ ನಡೆಯುತ್ತಿರುವಂತೆ ಇತ್ತು. ಟೀ ಕುಡಿದಿದ್ದ. ಮಗ ಟೀಗೆ ಸಕ್ಕರೆ ಹೆಚ್ಚು ಹಾಕಿಕೊಳ್ಳುತ್ತಿದ್ದ, ಅದಕ್ಕೂ ಬೈಯುತ್ತಿದ್ದಳು. ಕಂಪನಿಯವರು ಅವನನ್ನು ಒಂದು ಸಲ ಕೊಂದು ಸುಮ್ಮನಾಗಲಿಲ್ಲ. ಅವನನ್ನು ಬೈಯುವ ಕೆಲಸವನ್ನು ಹೆತ್ತವಳಿಗೇ ವಹಿಸಿದರು. ಕೂಲಿಯಿಲ್ಲದೆ, ಒಂದು ದಿನವೂ ರಜೆ ಹಾಕದೆ, ಅವಳು ಆ ಕೆಲಸ ಮಾಡಿದ್ದಳು.

ಬೋಳುತಲೆಯವನು ಪಟ್ಟಿ ಬಿಗಿದುಕೊಂಡು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟ.

“ಏನಾಯ್ತಮ್ಮಾ?” ಮಗಳ ತುಟಿ ಕೇಳಿತು.

ತಾಯಿ ತಡೆಯನ್ನು ಹಿಡಿದು ಎದ್ದು ನಿಂತಳು. ಕೂಗಿದಳು. ಅವಳ ಕೂಗು ಅವಳ ಬಾಯಿಯ ಮುಂದೆಯೇ ಮುರಿದು ಬಿತ್ತು. ಕೈ ಬೀಸಿದಳು, ಸುತ್ತ ಎಲ್ಲರೂ ಕೈ ಬೀಸುತ್ತಿದ್ದರು. ಆತ ಇನ್ನೊಂದು ಮೆಟ್ಟಿಲು ಹತ್ತಿದ, ಮತ್ತೊಂದು. ಆಗ ಅವಳ ಪಾದಕ್ಕೆ ತಿಳಿಯಿತು: ಸದ್ದು ಮತ್ತೆ ಏರುತ್ತಿದೆ. ಎಳೆಗಳು ಒಂದರ ಮೇಲೊಂದು ಬಿಗಿಯುತ್ತಿವೆ, ಮೊದಲ ಸಲದ ಹಾಗೇ. ಇನ್ನೇನು ನಿಲ್ಲುತ್ತದೆ. ಬೇಕಂತಲೇ ನಿಲ್ಲಿಸುತ್ತಾರೆ. ಅವಳು ಉಸಿರು ತುಂಬಿಕೊಂಡು ಕಾದಳು, ಕಣ್ಣು ಏಣಿಯ ಮೇಲೆಯೇ ಇತ್ತು.

ನಿಂತಿತು. ಬೆಳ್ಳನೆಯ ದೀಪ.

“ಹತ್ತಬೇಡ ಕಣಪ್ಪಾ! ಇಳಿ! ಆ ಬೆಲ್ಟು ನನ್ನ ಮಗನ್ನ ಕೊಂದಿದೆ! ಅವನು ಕುಡಿದಿರ್ಲಿಲ್ಲ!”

ಗೋದಾಮಿಗೆ ಗೋದಾಮೇ ಅದನ್ನು ಕೇಳಿತು. ಏಣಿಯ ಮೇಲಿದ್ದವನು ತಿರುಗಿ ಅವಳನ್ನು ನೋಡಿದ. ಮೇಸ್ತ್ರಿಯೂ ತಿರುಗಿದ. ಆ ಗಳಿಗೆ ಇನ್ನೂ ಸ್ವಲ್ಪ ಉಳಿದಿದ್ದರೆ ಯಾರಾದರೂ ಒಬ್ಬರು ಏನೆಂದು ಕೇಳುತ್ತಿದ್ದರೋ ಏನೋ. ಜನ ಹೋ ಎಂದರು, ಚಪ್ಪಾಳೆ ತಟ್ಟಿದರು. ಇದೂ ಆಟದ ಭಾಗ, ಮುದುಕಿಯನ್ನು ಕರೆಸಿ ಕೂಗಿಸಿದ್ದಾರೆ ಎಂದುಕೊಂಡರು. ಹೆಡ್‌ಫೋನು ಹಾಕಿಕೊಂಡ ಗುಂಗುರುವಿಗೆ ಏನೂ ಕೇಳಿರಲಿಲ್ಲ, ಅವನು ತಿರುಪು ತಿರುವಿದ. ಸದ್ದು ಮತ್ತೆ ಎಲ್ಲರ ಮೇಲೂ ಕುಸಿಯಿತು.

ಬೋಳುತಲೆಯವನು ಇಳಿದ. ಪಟ್ಟಿ ಬಿಚ್ಚಿ ಮೇಸ್ತ್ರಿಯ ಪಾದದ ಬಳಿ ಹಾಕಿ ನಡೆದ.

ಮೇಸ್ತ್ರಿ ತಡೆಯ ಹತ್ತಿರ ಬಂದ. ಈಗ ಅವನ ಬಾಯಿ ಅವಳಿಗೆ ಒಂದು ತೋಳಿನ ದೂರದಲ್ಲಿತ್ತು. “ಯಾರು ಹೇಳಿದ್ರು ನಿಮಗೆ?”

“ನೀನೇ,” ಎಂದಳು, ಬೆರಳನ್ನು ಅವನ ತುಟಿಯತ್ತ ಚಾಚಿ. “ನೀನೇ ಈಗ ಹೇಳ್ದೆ. ನೋಡ್ದೆ ನಾನು.”

ಅವನಿಗೆ ಕೇಳಿತೋ ಇಲ್ಲವೋ. ಆ ಬೆರಳು ಕಂಡಿತು, ಅವನ ಕೈ ತಾನಾಗಿ ತುಟಿಯನ್ನು ಮುಚ್ಚಿಕೊಂಡಿತು. ಆಮೇಲೆ ನಿಧಾನವಾಗಿ ಕೈ ತೆಗೆದ. “ಒಳ್ಳೇ ಹುಡುಗ ಅವನು,” ಎಂದಿತು ಬಾಯಿ. “ಕುಡಿದಿರ್ಲಿಲ್ಲ ತಾಯಿ.” ಮುಂದೆ ಏನೋ ಹೇಳಹೊರಟು, ಬಾಯಿ ತೆರೆದುಕೊಂಡೇ ನಿಂತ.

ಅವಳು ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಎಲ್ಲವನ್ನೂ ತುಟಿಯಲ್ಲಿ ಹೇಳಿದಳು. ಮಗಳಿಗೆ ಅರ್ಧ ಅರ್ಥವಾಯಿತು. ಅಷ್ಟೇ ಸಾಕಾಯಿತು ಅವಳಿಗೆ. ತಾಯಿಯನ್ನು ಎಳೆದುಕೊಂಡು ಹಿಂಬಾಗಿಲಿನಿಂದ ಹೊರಗೆ ಬಂದಳು.

ಹೊರಗೆ ಬಿಸಿಲು, ಲಾರಿಗಳು, ಖಾಲಿ ಪೆಟ್ಟಿಗೆಗಳ ರಾಶಿ. ಒಳಗಿನ ಸದ್ದು ಗೋಡೆಯಾಚೆ ಬರೀ ಮಿಡಿತವಾಗಿತ್ತು. ಬೋಳುತಲೆಯವನು ತನ್ನ ಊಟದ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಿದ್ದ.

“ನಾಳೆಯಿಂದ ಬರಬೇಡ ಅಂದ್ರು,” ಎಂದ, ಅವರು ಕೇಳುವ ಮೊದಲೇ.

“ಅಣ್ಣಾ, ನೀವು ಹೇಳ್ಬೋದಲ್ವಾ?” ಎಂದಳು ಮಗಳು. “ಮೇಸ್ತ್ರಿ ನಿಮ್ಮ ಮುಂದೇನೇ ಹೇಳಿದ್ದಾನೆ.”

“ನಾನು ಸೇರಿದ್ದೇ ಮೊನ್ನೆ ಮೊನ್ನೆ, ತಂಗಿ. ಕೆಲಸ ಹೋದವನು ಸಿಟ್ಟಿಗೆ ಏನೋ ಹೇಳ್ತಾನೆ ಅಂತಾರೆ. ಬೆಲ್ಟು ಆಗಲೇ ಎತ್ತಿಟ್ರು.” ಅವನು ಮುದುಕಿಯ ಕಡೆ ತಿರುಗಿದ. “ಇಳಿದೆನಲ್ಲಮ್ಮ. ನಿಮ್ಮಿಂದ ಇಳಿದೆ.” ಎರಡು ಕಾಲ ಮೇಲೆ ನಡೆದುಕೊಂಡು ಹೋದ. ಅವನು ಲಾರಿಗಳ ಸಾಲು ದಾಟಿ ಮರೆಯಾಗುವ ತನಕ ಅವಳು ಆ ಕಾಲುಗಳನ್ನೇ ನೋಡಿದಳು.

ಆಮೇಲೆ ಬಂದವನು ಮೇಸ್ತ್ರಿ. ಒಬ್ಬನೇ ಅಲ್ಲ, ಕೊರಳಲ್ಲಿ ಗುರುತಿನ ಪಟ್ಟಿ ಹಾಕಿಕೊಂಡ ಕಂಪನಿಯ ಮನುಷ್ಯ ಜೊತೆಗಿದ್ದ.

“ಏನಮ್ಮ ಗಲಾಟೆ? ಕಾರ್ಯಕ್ರಮ ಹಾಳು ಮಾಡೋಕೆ ಬಂದಿದ್ದೀರಾ?”

“ನಿನ್ನತ್ರ ಅಲ್ಲ ನನ್ನ ಮಾತು,” ಎಂದಳು ಅವಳು. ಮೇಸ್ತ್ರಿಯ ಮುಂದೆ ನಿಂತಳು. “ಒಳಗೆ ಹೇಳಿದ್ದನ್ನ ಇಲ್ಲಿ ಹೇಳು. ನನ್ನ ಮಗಳಿಗೆ ಕಿವಿ ಸರಿಯಾಗಿದೆ, ಅವಳು ಕೇಳಿಸ್ಕೊಳ್ಳಲಿ. ನನ್ನ ಮಗ ಕುಡಿದಿದ್ನಾ?”

ಮೇಸ್ತ್ರಿ ನೆಲ ನೋಡಿದ. ಕೊರಳಪಟ್ಟಿಯವನು ಗಡಿಯಾರ ನೋಡಿದ.

“ಹೇಳಪ್ಪಾ. ನಿನಗೂ ಹೆತ್ತವಳೊಬ್ಬಳು ಇರ್ತಾಳಲ್ಲ.”

“ಕುಡಿದಿದ್ದ, ತಾಯಿ,” ಎಂದ ಮೇಸ್ತ್ರಿ.

ದನಿ ಸ್ಪಷ್ಟವಾಗಿತ್ತು, ಅವಳ ಅರೆಗಿವಿಗೂ ಕೇಳಿಸುವಷ್ಟು. ಅವಳು ಅಭ್ಯಾಸದಂತೆ ಅವನ ತುಟಿಯನ್ನೂ ನೋಡಿದಳು. ತುಟಿಯೂ ಅದನ್ನೇ ಹೇಳಿತ್ತು. ಕೇಳುವವರು ಇರುವ ಕಡೆ ಈ ದೇಶದ ಮೇಸ್ತ್ರಿಗಳ ಬಾಯಿ ಹೀಗೇ ಆಡುತ್ತದೆ. ನಿಜ ಹೇಳಬೇಕಾದರೆ ಅವರಿಗೊಂದು ಷೆಡ್ಡು ತುಂಬ ಸದ್ದು ಬೇಕು.

“ಕೇಳಿದ್ರಲ್ಲ?” ಎಂದು ಹೇಳಿ ಕೊರಳಪಟ್ಟಿಯವನು ಮೇಸ್ತ್ರಿಯ ಬೆನ್ನ ಮೇಲೆ ಕೈಯಿಟ್ಟು ಒಳಗೆ ಕರೆದೊಯ್ದ.

ಮಗಳು ಪೆಟ್ಟಿಗೆಯೊಂದರ ಮೇಲೆ ಕುಸಿದು ಕೂತಳು. “ಯಾರು ನಂಬ್ತಾರಮ್ಮ? ಬಾಯಿ ನೋಡಿ ತಿಳ್ಕೊಂಡೆ ಅಂದ್ರೆ ನಗ್ತಾರೆ.”

“ನೀನು ನಂಬ್ತೀಯಾ?”

“ನಾನು ಅವತ್ತೂ ಅದನ್ನ ನಂಬಿರ್ಲಿಲ್ಲ. ನೀನು ಬೈತಿದ್ದೆ, ನಾನು ಸುಮ್ನಿದ್ದೆ.”

ತಾಯಿ ಅವಳ ತಲೆಯ ಮೇಲೆ ಕೈಯಿಟ್ಟಳು. ಮಗಳ ಕೂದಲಿನಲ್ಲಿ ಇಸ್ತ್ರಿಯ ಆವಿಯ ವಾಸನೆ ಇತ್ತು. ಗೋಡೆಯಾಚೆ ಮಿಡಿತ ನಿಂತು, ಮತ್ತೆ ಶುರುವಾಯಿತು.

“ಇನ್ನೂ ಇದೆಯಾ ಅದು?”

“ಕೊನೇದು ಇರ್ಬೇಕು. ಯಾಕೆ? ಮನೆಗೆ ಹೋಗೋಣ ಬಾ.”

“ಆಮೇಲೆ ಹೋಗೋಣ.”

ಅವಳು ಒಳಗೆ ಬಂದಳು. ಕುರ್ಚಿಯಲ್ಲಿ ಕೂರಲಿಲ್ಲ. ಜನರನ್ನು ಸರಿಸಿಕೊಂಡು, ಅಲ್ಮೇರಾದಷ್ಟು ದೊಡ್ಡ ಕಪ್ಪು ಸ್ಪೀಕರಿನ ಮುಂದೆ, ಹೊಟ್ಟೆಯ ಕರುಳು ನಡುಗುವಷ್ಟು ಹತ್ತಿರ ಹೋಗಿ ನಿಂತಳು. ಷೆಡ್ಡಿನ ಹೆಂಗಸರು ಎಲ್ಲಿ ನಿಂತು ಅಳುತ್ತಿದ್ದರೋ ಅಲ್ಲಿ. ಬಾಯಿ ತೆರೆದಳು. ಆಸ್ಪತ್ರೆಯ ಬೆಂಚಿನ ಮೇಲೆ ಬರದೇ ಹೋದದ್ದು ಈಗ ಬಂತು. ಗಂಟೆ ಎನಿಸಿಕೊಂಡ ಆ ಗಂಟಲು ಹರಿದು ಹೊಡೆದುಕೊಂಡಿತು, ಪಕ್ಕದಲ್ಲೇ ಕುಣಿಯುತ್ತಿದ್ದವರಿಗೂ ಕೇಳಲಿಲ್ಲ. ಅವಳ ಬೆರಳುಗಳು ಗಾಳಿಯಲ್ಲಿ ಯಾವುದೋ ಕಡಿದ ಎಳೆಯನ್ನು ಹುಡುಕಿ ಗಂಟು ಹಾಕುತ್ತಿದ್ದವು.

ಮೇಲೆ ತೊಲೆಯಲ್ಲಿ ಆ ದೀಪ ಇನ್ನೂ ಓರೆಯಾಗಿಯೇ ಉರಿಯುತ್ತಿತ್ತು. ಅವಳು ಅದರ ಕಡೆ ಮುಖ ಎತ್ತಿ, ಅಷ್ಟು ಎತ್ತರದಲ್ಲಿರುವವನಿಗೆ ಚೆನ್ನಾಗಿ ಕಾಣುವಂತೆ, ತುಟಿಗಳನ್ನು ಅಗಲಿಸಿ, ಬಿಡಿಬಿಡಿಯಾಗಿ ಹೇಳಿದಳು.

ಇಳಿ. ಸಾಕು. ಇಳಿದು ಬಾರೋ.